ಬೆಂಕಿಗೂಡು ಕಟ್ಟಿಸುವವರು ಮೊದಲು ಹೊಗೆಗೆ ದಾರಿ ಕೊಡಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಮಲೆನಾಡಿನ ಚಳಿಗಾಲದ ಹೋಂಸ್ಟೇಗಳ ಬಗ್ಗೆ ಬಂದ ಲೇಖನವನ್ನೂ ಅದರ ಜೊತೆಗಿದ್ದ ದೊಡ್ಡ ಚಿತ್ರವನ್ನೂ ನೋಡಿ ಈ ಪತ್ರ ಬರೆಯುತ್ತಿದ್ದೇನೆ. ಚಿತ್ರದಲ್ಲಿ ಕಲ್ಲಿನ ಫೈರ್‌ಪ್ಲೇಸ್, ಅದರೊಳಗೆ ಧಗಧಗ ಉರಿಯುವ ಸೌದೆ. ನೋಡಲು ಚಂದವೇ. ಆದರೆ ಉರಿಯ ಮಗ್ಗುಲಲ್ಲೇ, ಒಂದು ಮೊಳ ದೂರದಲ್ಲಿ, ಬೆತ್ತದ ಬುಟ್ಟಿ ತುಂಬ ಒಣಸೌದೆ ಇದೆ. ಎದುರಿಗೆ ನೆಲದ ಮೇಲೆ ಉಣ್ಣೆಯ ಜಮಖಾನ ಹಾಸಿದೆ. ಮೇಲಿನ ಹಲಗೆಯ ಮೇಲೆ ಒಣಹುಲ್ಲಿನ ಅಲಂಕಾರ. ಉರಿಯ ಮುಂದೆ ತಂತಿ ಜಾಲರಿ ಕೂಡ ಇಲ್ಲ, ಕಿಟಕಿಗಳೆಲ್ಲ ಬಿಗಿಯಾಗಿ ಮುಚ್ಚಿವೆ. ಈ ಚಿತ್ರವನ್ನು ಮೇಸ್ತ್ರಿಗೆ ತೋರಿಸಿ 'ಇಂಥದ್ದೇ ಬೇಕು' ಎನ್ನುವವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನರಿದ್ದಾರೆ. ಅವರಿಗಾಗಿ ಕೆಲವು ಮಾತು ಹೇಳಲೇಬೇಕಾಗಿದೆ.

ನಾನು ಮೂಡಿಗೆರೆ ತಾಲ್ಲೂಕಿನವಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾಗಿದ್ದೇನೆ. ನಾನು ಸೊಸೆಯಾಗಿ ಬಂದ ಮನೆ ಬ್ರಿಟಿಷ್ ಪ್ಲಾಂಟರ್ ಒಬ್ಬರ ಕಾಲದ ಹಳೆಯ ಬಂಗಲೆ. ಹಾಲ್‌ನಲ್ಲಿ ಒಂದು, ಮಲಗುವ ಕೋಣೆಯಲ್ಲಿ ಒಂದು ಬೆಂಕಿಗೂಡು ಇವೆ. ಹಾಲ್‌ನದನ್ನು ಇಂದಿಗೂ ಪ್ರತಿ ಚಳಿಗಾಲ ಉರಿಸುತ್ತೇವೆ. ಮಲಗುವ ಕೋಣೆಯದನ್ನು ನನ್ನ ಮಾವನವರು ಬಹಳ ಹಿಂದೆಯೇ ಇಟ್ಟಿಗೆ ಇಟ್ಟು ಮುಚ್ಚಿಸಿದರು. 'ಮನುಷ್ಯ ನಿದ್ದೆ ಮಾಡುವ ಕಡೆ ಬೆಂಕಿ ಎಚ್ಚರವಾಗಿರಬಾರದು' ಎಂಬುದು ಅವರ ಖಚಿತ ನಿಲುವಾಗಿತ್ತು. ಆಸ್ಪತ್ರೆಯ ಕೆಲಸ ನನಗೆ ಆ ಮಾತಿನ ಬೆಲೆಯನ್ನು ಚೆನ್ನಾಗಿ ತಿಳಿಸಿತು. ಹಾಗೆಂದು ಫೈರ್‌ಪ್ಲೇಸ್ ಬೇಡವೆಂದು ನಾನು ಹೇಳುವವಳಲ್ಲ. ಡಿಸೆಂಬರ್ ಸಂಜೆ ಕಾಫಿ ಕೊಯ್ಲು ಮುಗಿಸಿ ಬಂದು ಉರಿಯ ಮುಂದೆ ಕೂರುವ ಸುಖ ನನಗೆ ಗೊತ್ತು. ಬೆಂಕಿಗೂಡಿನ ಮುಖ್ಯ ಭಾಗ ಕಣ್ಣಿಗೆ ಕಾಣುವ ಕಲ್ಲಿನ ಕಮಾನಲ್ಲ, ಕಾಣದ ಚಿಮಣಿ ಎಂಬುದನ್ನು ಕಟ್ಟುವವರೂ ಕಟ್ಟಿಸುವವರೂ ಅರಿಯಬೇಕೆಂದಷ್ಟೇ ನನ್ನ ಆಗ್ರಹ.

ನಾನು ಕೆಲಸದಲ್ಲಿದ್ದಾಗ ಒಂದು ಚಳಿಗಾಲದ ಬೆಳಗಿನ ಜಾವ ಅಪ್ಪ, ಅಮ್ಮ, ಇಬ್ಬರು ಮಕ್ಕಳನ್ನು ಹೋಂಸ್ಟೇ ಒಂದರಿಂದ ಕರೆತಂದರು. ಎಲ್ಲರಿಗೂ ತಲೆ ಸಿಡಿಯುವ ನೋವು, ವಾಂತಿ, ಕಾಲೂರಿ ನಿಲ್ಲಲಾಗದಷ್ಟು ನಿತ್ರಾಣ. ರಾತ್ರಿಯ ಊಟದ್ದೇ ತೊಂದರೆ ಎಂದು ಅವರೂ, ಜೊತೆಗೆ ಬಂದಿದ್ದ ಮಾಲೀಕರೂ ನಂಬಿದ್ದರು. ಆದರೆ ಯಾರಿಗೂ ಜ್ವರವಿಲ್ಲ, ಭೇದಿಯಿಲ್ಲ. ಬೆರಳಿಗೆ ಹಾಕಿದ ಆಕ್ಸಿಮೀಟರ್ 98 ತೋರಿಸುತ್ತಿತ್ತು. ಕೆದಕಿ ಕೇಳಿದಾಗ ಸಂಗತಿ ಹೊರಬಂತು. ಕೋಣೆಯ ಹೊಸ ಫೈರ್‌ಪ್ಲೇಸ್ ವಿಪರೀತ ಹೊಗೆಯಾಡುತ್ತದೆಂದು ಮಾಲೀಕರು ಅದನ್ನು ಹಚ್ಚದೆ, ಅತಿಥಿಗಳಿಗೆ ಚಳಿಯಾಗಬಾರದೆಂಬ ಕಾಳಜಿಯಿಂದಲೇ ಕಬ್ಬಿಣದ ಬಾಂಡಲಿಯಲ್ಲಿ ನಿಗಿನಿಗಿ ಕೆಂಡ ತುಂಬಿ ಕೋಣೆಯೊಳಗೆ ಇಟ್ಟಿದ್ದರು. ಹೊಗೆ ಬರುತ್ತಿರಲಿಲ್ಲವಾದ್ದರಿಂದ ಅಪಾಯವಿಲ್ಲವೆಂದು ಎಲ್ಲರೂ ಬಾಗಿಲು ಹಾಕಿಕೊಂಡು ಮಲಗಿದ್ದರು. ಕಿರಿಯ ಮಗು ವಾಂತಿ ಮಾಡಿಕೊಂಡು ಅತ್ತಿದ್ದರಿಂದ ತಾಯಿಗೆ ಎಚ್ಚರವಾಗಿ ಬಾಗಿಲು ತೆರೆದರು. ವೈದ್ಯರು ತಡಮಾಡದೆ ನಾಲ್ವರಿಗೂ ಆಮ್ಲಜನಕ ಕೊಡಿಸಿದರು. ಅವರು ಗುಣಮುಖರಾಗಿ ಮನೆಗೆ ಹೋದರು.

ಎಲ್ಲರೂ ಹಾಗೆ ಮನೆಗೆ ಹೋಗುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬಲ್ಲಿನ ರೆಸಾರ್ಟ್ ಕೋಣೆಯೊಂದರಲ್ಲಿ ಕೇರಳದಿಂದ ಹೋಗಿದ್ದ ಎಂಟು ಪ್ರವಾಸಿಗರು ಒಂದೇ ರಾತ್ರಿ ಸತ್ತರು. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆಂದು ಗ್ಯಾಸ್ ಹೀಟರ್ ಹಚ್ಚಿ ಕಿಟಕಿ ಬಾಗಿಲು ಮುಚ್ಚಿಕೊಂಡು ಮಲಗಿದ್ದರು. ಅಲ್ಲಿ ಉರಿದದ್ದು ಗ್ಯಾಸ್, ಇಲ್ಲಿ ಉರಿಯುವುದು ಸೌದೆ. ಕೊಲ್ಲುವುದು ಮಾತ್ರ ಅದೇ ಕಾರ್ಬನ್ ಮೊನಾಕ್ಸೈಡ್.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ಸೌದೆಯಾಗಲಿ ಇದ್ದಿಲಾಗಲಿ ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿದಾಗ ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ರಕ್ತ ಮಿದುಳಿಗೆ, ಹೃದಯಕ್ಕೆ ಆಮ್ಲಜನಕ ಒಯ್ಯಲಾರದು. ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್ ಎರಡರ ನಡುವಿನ ವ್ಯತ್ಯಾಸ ಕಾಣಲಾರದೆ ಎಲ್ಲ ಸರಿಯಿದೆ ಎಂಬಂತೆ ಅಂಕಿ ತೋರಿಸುತ್ತದೆ. ಕೋವಿಡ್ ನಂತರ ಮನೆ ಮನೆಯಲ್ಲೂ ಈ ಉಪಕರಣವಿದೆ. ಈ ಒಂದು ವಿಷಯದಲ್ಲಿ ಅದನ್ನು ದಯವಿಟ್ಟು ನಂಬಬೇಡಿ. ಒಂದೇ ಕೋಣೆಯಲ್ಲಿ ಮಲಗಿದ್ದ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಹೊರಗೆ ಬಂದಾಗ ಹಗುರವೆನಿಸಿದರೆ, ಬೆಂಕಿಯನ್ನೇ ಅನುಮಾನಿಸಿ. ಮೊದಲು ಎಲ್ಲರನ್ನೂ ಅಂಗಳಕ್ಕೆ ತನ್ನಿ, ಆಮೇಲೆ 108ಕ್ಕೆ ಕರೆ ಮಾಡಿ, ಕೋಣೆಯಲ್ಲಿ ಬೆಂಕಿಯಿತ್ತೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬರಿಯ ಗಾಳಿಯಲ್ಲಿ ಈ ವಿಷದ ಅರ್ಧಪಾಲು ರಕ್ತದಿಂದ ಹೋಗಲು ನಾಲ್ಕೈದು ಗಂಟೆ ಬೇಕು. ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಹೋಗುತ್ತದೆ. ಆದ್ದರಿಂದ ತಲೆನೋವಿನ ಮಾತ್ರೆ ನುಂಗಿ ಮತ್ತೆ ಮಲಗುವುದು ಪ್ರಾಣಕ್ಕೇ ಎರವಾಗಬಹುದು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮಲ್ಲಿ ಬಾಣಂತಿಯ ಕೋಣೆಯನ್ನು ಬಿಗಿಯಾಗಿ ಮುಚ್ಚಿ, ಗಾಳಿ ಸೋಕದಂತೆ ಕಿಟಕಿಗೆ ಕಂಬಳಿ ಕಟ್ಟಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವ ರೂಢಿ ಇನ್ನೂ ಇದೆ. ತಾಯಿಗೂ ಕೂಸಿಗೂ ಬೆಚ್ಚಗಿರಬೇಕು, ನಿಜ. ನನ್ನ ಅತ್ತೆಯವರು ನನ್ನ ಬಾಣಂತನ ಮಾಡಿದಾಗ ನೀರೊಲೆಯ ಬಿಸಿನೀರು, ಎರಡು ಕಂಬಳಿ, ತಲೆಗೆ ಕಟ್ಟಿದ ಬಟ್ಟೆ ಇವಿಷ್ಟರಿಂದಲೇ ಜಡಿಮಳೆಯ ಜುಲೈ ಕಳೆಯಿತು. ಕೆಂಡವನ್ನು ಅವರು ಕೋಣೆಗೆ ತರಗೊಡಲಿಲ್ಲ. ಹುಟ್ಟಿದ ಕೂಸು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತದೆ, ವಿಷಗಾಳಿಯನ್ನೂ ಬೇಗನೆ ಒಳಗೆಳೆಯುತ್ತದೆ, ತಲೆನೋವೆಂದು ಹೇಳಲು ಅದಕ್ಕೆ ಬಾಯಿಲ್ಲ. ಗರ್ಭಿಣಿಯರ ವಿಷಯದಲ್ಲೂ ಅಷ್ಟೇ, ಹೊಟ್ಟೆಯೊಳಗಿನ ಮಗುವಿಗೆ ಈ ಅನಿಲದಿಂದ ಆಗುವ ಹಾನಿ ತಾಯಿಗಾಗುವುದಕ್ಕಿಂತ ಹೆಚ್ಚಿರಬಲ್ಲದು. ಸಾಂಬ್ರಾಣಿ ಹೊಗೆ ಹಾಕಲೇಬೇಕೆಂದಿದ್ದರೆ ಬಾಗಿಲು ತೆರೆದಿಟ್ಟು ಹಾಕಿ, ಮುಗಿದ ಕೂಡಲೇ ಕೆಂಡವನ್ನು ಹೊರಗೆ ಒಯ್ಯಿರಿ. ಚಿಮಣಿಯಿಲ್ಲದ ಕೋಣೆಗೆ ಕೆಂಡ ಬೇಡವೇ ಬೇಡ. ಇದರಲ್ಲಿ ರಾಜಿ ಇಲ್ಲ.

ಇನ್ನು ಚಿಮಣಿ. ನಮ್ಮ ಊರಿನ ಹೊಸ ಫೈರ್‌ಪ್ಲೇಸ್‌ಗಳು ಹೊಗೆಯಾಡುವುದೇಕೆ? ಲೆಕ್ಕ ಸರಳ. ತೆರೆದ ಬೆಂಕಿಗೂಡಿಗೆ ಅದರ ಬಾಯಿಯ ವಿಸ್ತೀರ್ಣದ ಹತ್ತನೇ ಒಂದು ಭಾಗದಷ್ಟಾದರೂ ಹೊಗೆದಾರಿ ಬೇಕು. ಮೂರು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಬಾಯಿ ಎಂದರೆ 1,080 ಚದರ ಅಂಗುಲ. ಅದಕ್ಕೆ 108 ಚದರ ಅಂಗುಲದ ದಾರಿ ಬೇಕು, ಅಂದರೆ ಸುಮಾರು ಹನ್ನೆರಡು ಅಂಗುಲ ವ್ಯಾಸದ ಕೊಳವೆ. ನಾನು ನೋಡಿದ ಕಡೆಯೆಲ್ಲ ಹಾಕಿರುವುದು ಆರು ಅಂಗುಲದ ಪೈಪು. ಅದರ ವಿಸ್ತೀರ್ಣ 28 ಚದರ ಅಂಗುಲ, ಬೇಕಾದ್ದರ ಕಾಲುಭಾಗ. ಕಬ್ಬಿಣದ ಬಾಗಿಲು ಮುಚ್ಚಿ ಉರಿಸುವ ಸ್ಟವ್‌ಗೆ ಆರು ಅಂಗುಲ ಸಾಕಾಗಬಹುದು, ತೆರೆದ ಬಾಯಿಯ ಬೆಂಕಿಗೂಡಿಗೆ ಸಾಲದು. ಇದು ಹೊಸ ವಿದ್ಯೆಯೂ ಅಲ್ಲ. ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ 1790ರ ದಶಕದಲ್ಲೇ ಲಂಡನ್ನಿನ ಹೊಗೆಯಾಡುವ ಬೆಂಕಿಗೂಡುಗಳನ್ನು ತಿದ್ದಿ, ಆಳ ಕಡಿಮೆ ಮಾಡಿ, ಪಕ್ಕದ ಗೋಡೆಗಳನ್ನು ಓರೆಯಾಗಿಸಿ, ಹೊಗೆ ಮೇಲೇರುವ ಕತ್ತನ್ನು ಕಿರಿದಾಗಿಸಿ ತೋರಿಸಿದ್ದ. ಅವನ ಮಾದರಿಯಲ್ಲಿ ಕಟ್ಟಿದವು ಹೊಗೆಯನ್ನು ಮೇಲೆ ಕಳಿಸಿ ಶಾಖವನ್ನು ಕೋಣೆಗೆ ಕೊಡುತ್ತವೆ. ನಮ್ಮ ಹಾಲ್‌ನದು ಅದೇ ಬಗೆಯದು. ಮೇಸ್ತ್ರಿಗಳು ಬಂದು ಅಳತೆ ತೆಗೆದುಕೊಂಡು ಹೋಗುವುದಾದರೆ ನಮ್ಮ ಮನೆಯ ಬಾಗಿಲು ಸದಾ ತೆರೆದಿದೆ.

ಎತ್ತರದ ವಿಷಯಕ್ಕೆ ಬಂದರೆ, ಚಿಮಣಿ ಹೆಂಚಿನಿಂದ ಹೊರಬಂದ ಜಾಗಕ್ಕಿಂತ ಕನಿಷ್ಠ ಮೂರು ಅಡಿ ಮೇಲಿರಬೇಕು, ಹತ್ತು ಅಡಿ ದೂರದೊಳಗಿರುವ ಸೂರಿನ ಯಾವುದೇ ಭಾಗಕ್ಕಿಂತ ಎರಡು ಅಡಿ ಹೆಚ್ಚು ಎತ್ತರವಿರಬೇಕು. ಗೋಡೆಯಲ್ಲಿ ತೂತು ಕೊರೆದು ಸೂರಿನಡಿಯಲ್ಲೇ ಪೈಪಿನ ಬಾಯಿ ಬಿಟ್ಟರೆ ಗಾಳಿ ಬೀಸಿದಾಗಲೆಲ್ಲ ಹೊಗೆ ಒಳಗೇ ನುಗ್ಗುತ್ತದೆ. ಕಬ್ಬಿಣದ ಒಂಟಿ ಪದರದ ಪೈಪನ್ನು ಜಂತಿ, ರೀಪು, ಫಾಲ್ಸ್ ಸೀಲಿಂಗ್‌ಗಳ ನಡುವೆ ಒತ್ತಿ ಹಾಯಿಸುವುದು ಇನ್ನೂ ಕೆಟ್ಟದ್ದು. ಅಂಥ ಪೈಪಿನಿಂದ ಮರ ಒಂದೂವರೆ ಅಡಿಯಾದರೂ ದೂರವಿರಬೇಕು. ಮೊದಲ ದಿನ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಬಿಸಿ ತಗಲಿದ ಮರ ಒಳಗೊಳಗೇ ಇದ್ದಿಲಾಗುತ್ತ, ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಸ್ಥಿತಿಗೆ ಬರುತ್ತದೆ.

ಹಳೆಯ ಮನೆಗಳಿಗೆ ಗಾಳಿ ಹೆಂಚಿನ ಸಂದಿನಿಂದಲೇ ಬರುತ್ತಿತ್ತು. ಈಗ ಯುಪಿವಿಸಿ ಕಿಟಕಿಗಳು ಬಂದಿವೆ, ಬಾಗಿಲ ಅಡಿಗೆ ರಬ್ಬರ್ ಪಟ್ಟಿ ಬಂದಿದೆ. ಅದರ ಮೇಲೆ ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್, ಅಡುಗೆಮನೆಯಲ್ಲಿ ವಿದ್ಯುತ್ ಚಿಮಣಿ. ಇವು ಒಳಗಿನ ಗಾಳಿಯನ್ನು ಹೊರದಬ್ಬುತ್ತಿರುವಾಗ ಹೊರಗಿನ ಗಾಳಿಗೆ ಬರಲು ಉಳಿಯುವ ದಾರಿ ಫೈರ್‌ಪ್ಲೇಸಿನ ಚಿಮಣಿಯೊಂದೇ. ಆಗ ಮೇಲೆ ಹೋಗಬೇಕಾದ ಹೊಗೆ ಕೋಣೆಗೆ ಇಳಿಯುತ್ತದೆ. ಬೆಂಕಿ ಇರುವಷ್ಟು ಹೊತ್ತು ಫ್ಯಾನ್‌ಗಳನ್ನು ನಿಲ್ಲಿಸಿ, ಒಂದು ಕಿಟಕಿಯನ್ನು ಎರಡು ಬೆರಳಗಲ ತೆರೆದಿಡಿ. ಹಚ್ಚುವ ಮೊದಲು ಹೊಗೆದಾರಿಯನ್ನು ಮುಚ್ಚಿ ತೆರೆಯುವ ತಗಡು (ಡ್ಯಾಂಪರ್) ತೆರೆದಿದೆಯೇ ನೋಡಿ, ಒಂದು ವೃತ್ತಪತ್ರಿಕೆಯ ಹಾಳೆಯನ್ನು ಸುರುಳಿ ಸುತ್ತಿ ಹಚ್ಚಿ ಚಿಮಣಿಯ ಕತ್ತಿನ ಬಳಿ ಹಿಡಿಯಿರಿ. ಒಳಗಿನ ತಣ್ಣನೆಯ ಗಾಳಿ ಬಿಸಿಯಾಗಿ ಮೇಲೆದ್ದರೆ ಹೊಗೆಯೂ ಅದರ ಹಿಂದೆಯೇ ಏರುತ್ತದೆ. ಮಲಗುವ ಮುನ್ನ ಬಿಸಿ ಉಳಿಯಲೆಂದು ಆ ತಗಡನ್ನು ಮುಚ್ಚುವವರಿದ್ದಾರೆ. ಜ್ವಾಲೆ ಅಡಗಿ ಕೆಂಡ ಉಳಿದ ಆ ಹೊತ್ತಿನಲ್ಲೇ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಹೊರಡುತ್ತದೆ. ಕೊನೆಯ ಕೆಂಡವೂ ತಣ್ಣಗಾಗುವ ತನಕ, ಅಂದರೆ ಸಾಮಾನ್ಯವಾಗಿ ಮರುದಿನ ಬೆಳಗಿನ ತನಕ, ದಾರಿ ತೆರೆದೇ ಇರಲಿ.

ಸೌದೆಯ ಬಗ್ಗೆ ಮಲೆನಾಡಿನವರಿಗೆ ನಾನು ಹೇಳಬೇಕಾದ್ದು ಹೆಚ್ಚಿಲ್ಲ, ಪೇಟೆಯಿಂದ ಬಂದು ತೋಟ ಕೊಂಡವರಿಗೆ ಹೇಳಬೇಕು. ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದು ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗಿಳಿದರೆ ಮಾತ್ರ ಒಳಗೆ ಉರಿಸಲು ತಕ್ಕುದು. ನಾವು ಬಿಳಿ ಕಾಂಡಕೊರಕ ಹುಳ ಬಿದ್ದು ಕಿತ್ತ ಅರೇಬಿಕಾ ಕಾಫಿ ಗಿಡಗಳನ್ನು, ಮಾಗಿದ ಸಿಲ್ವರ್ ಓಕ್ ಕೊಂಬೆಗಳನ್ನು ಬೇಸಿಗೆ ಇರುವಾಗಲೇ ಸೀಳಿ, ಹಲಗೆಯ ಮೇಲೆ, ತಗಡಿನ ಸೂರಿನಡಿ, ನಾಲ್ಕೂ ಕಡೆ ಗಾಳಿ ಆಡುವಂತೆ ಒಟ್ಟುತ್ತೇವೆ. ಜೂನ್ ಮಳೆ ಹಿಡಿದ ಮೇಲೆ ಒಣಗಿಸುತ್ತೇನೆಂದರೆ ಆಗದ ಮಾತು. ಒಣಗಿದ ಎರಡು ತುಂಡುಗಳನ್ನು ಬಡಿದರೆ ಟಣ್ಣೆನ್ನುತ್ತವೆ, ಹಸಿಯವು ದೊಪ್ಪೆನ್ನುತ್ತವೆ. ಕಾಫಿ ಗಿಡದ ಸೌದೆ ಗಟ್ಟಿ, ಕಾವು ಹೆಚ್ಚು, ನಿಧಾನವಾಗಿ ಉರಿಯುತ್ತದೆ. ಸಿಲ್ವರ್ ಓಕ್ ಬೇಗ ಹೊತ್ತಿ ಬೇಗ ಮುಗಿಯುತ್ತದೆ, ಆರಂಭಕ್ಕೆ ಒಳ್ಳೆಯದು. ಹೊಲಗೇರಿನ ತುಂಡು ಮಾತ್ರ ರಾಶಿಯೊಳಗೆ ಸೇರದಂತೆ ನೋಡಿಕೊಳ್ಳಿ, ಅದರ ಸೋನೆಗೆ ಮೈ ಬೊಬ್ಬೆಯೇಳುವುದು ಊರಿಗೇ ಗೊತ್ತಿರುವ ವಿಷಯ. ಪೇಂಟ್ ಬಳಿದ ಹಳೆ ಕಿಟಕಿ, ಪ್ಲೈವುಡ್, ಔಷಧಿ ಹೊಡೆದ ಬೇಲಿಕಂಬ, ಕೀಟನಾಶಕದ ಖಾಲಿ ಡಬ್ಬಿ, ಪ್ಲಾಸ್ಟಿಕ್ ಇವನ್ನು ಒಳಗೆ ಸುಟ್ಟರೆ ಮನೆಮಂದಿ ಉಸಿರಾಡುವುದು ವಿಷವನ್ನೇ. ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹಚ್ಚಿದವರ ಸುಟ್ಟ ಮುಖಗಳಿಗೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಒಣ ಪುಳ್ಳೆ ಸಾಕು, ತಾಳ್ಮೆ ಇರಲಿ.

ಹಸಿ ಸೌದೆಯನ್ನು ರಾತ್ರಿಯಿಡೀ ಮುಗುಮ್ಮಾಗಿ ಹೊಗೆಯಾಡಿಸಿದರೆ ಏನಾಗುತ್ತದೆಂಬುದು ಚಿಮಣಿಯ ಒಳಗೆ ತಿಳಿಯುತ್ತದೆ. ಅರೆಬೆಂದ ಹೊಗೆ ತಣ್ಣನೆಯ ಗೋಡೆಗೆ ತಾಗಿ ಮಸಿಯಾಗಿ, ಆಮೇಲೆ ಅಂಟಾಗಿ, ಕೊನೆಗೆ ಮಿರಿಮಿರಿ ಮಿಂಚುವ ಕಪ್ಪು ಟಾರಾಗಿ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಎನ್ನುತ್ತಾರೆ. ಇದು ಸ್ವತಃ ಉರಿಯುವ ವಸ್ತು. ಒಂದು ದೊಡ್ಡ ಜ್ವಾಲೆ ಮೇಲಕ್ಕೆ ತಾಗಿದರೆ ಚಿಮಣಿಯೇ ಹೊತ್ತಿಕೊಂಡು, ಒಳಗಿನ ತಾಪ ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಬಲ್ಲದು. ಸುಣ್ಣದ ಗಾರೆ ಉದುರಿದ ಹಳೆಯ ಇಟ್ಟಿಗೆ ಚಿಮಣಿಯಾದರೆ ಬೆಂಕಿ ಆ ಬಿರುಕುಗಳಿಂದ ಅಟ್ಟಕ್ಕೆ ದಾಟುತ್ತದೆ. ಅಟ್ಟದಲ್ಲಿ ನಾವು ಇಟ್ಟಿರುವುದೇನು? ಗೋಣಿಚೀಲ, ಒಣ ಅಡಿಕೆಹಾಳೆ, ಹಳೆಯ ಹಾಸಿಗೆ. ಮಸಿ ಮೂರು ಮಿಲಿಮೀಟರ್ ದಪ್ಪ ಕಟ್ಟಿತೆಂದರೆ ತೆಗೆಯಲೇಬೇಕು, ಕಟ್ಟಿರಲಿ ಬಿಡಲಿ ವರ್ಷಕ್ಕೊಮ್ಮೆ ನೋಡಲೇಬೇಕು.

ನಮ್ಮ ಮನೆಯಲ್ಲಿ ಈ ಕೆಲಸ ಮಳೆ ನಿಂತ ಮೇಲೆ, ಮೊದಲ ಬೆಂಕಿ ಹಚ್ಚುವ ಮೊದಲು ನಡೆಯುತ್ತದೆ. ಹಿಂದೆ ಹಗ್ಗದ ನಡುವೆ ಮುಳ್ಳುಕಂಟಿಯ ಕಟ್ಟು ಬಿಗಿದು, ಮೇಲೊಬ್ಬ ಕೆಳಗೊಬ್ಬ ನಿಂತು ಎಳೆಯುತ್ತಿದ್ದರು. ಈಗ ಉಕ್ಕಿನ ತಂತಿಯ ಬ್ರಷ್ ತಂದಿದ್ದೇವೆ. ಕೆಳಗಿನ ಬಾಯಿಗೆ ಒದ್ದೆ ಗೋಣಿ ಕಟ್ಟಿ, ಮೂಗಿಗೆ ಮಾಸ್ಕ್ ಹಾಕಿಕೊಂಡೇ ಉಜ್ಜಬೇಕು. ಮಳೆಗಾಲದಲ್ಲಿ ಚಿಮಣಿಯೊಳಗೆ ಹಕ್ಕಿ ಗೂಡು ಕಟ್ಟಿರುತ್ತದೆ, ಕೆಲವು ವರ್ಷ ತುಡುವೆ ಜೇನು ಕೂತಿರುತ್ತದೆ, ತರಗೆಲೆ ತುಂಬಿರುತ್ತದೆ. ನೋಡದೆ ಹಚ್ಚಿದರೆ ಹೊಗೆಗೆ ದಾರಿಯೇ ಇಲ್ಲ. ಮೇಲ್ತುದಿಗೆ ತಗಡಿನ ಟೋಪಿಯನ್ನೂ ತಂತಿ ಜಾಲರಿಯನ್ನೂ ಹಾಕಿಸಿದ ಮೇಲೆ ಈ ಕಾಟ ತಗ್ಗಿದೆ, ಜಾಲರಿಗೆ ಮಸಿ ಕಟ್ಟದಂತೆ ಮಾತ್ರ ನೋಡುತ್ತಿರಬೇಕು. ಉಜ್ಜಿ ಮುಗಿದ ಬಳಿಕ ಕೆಳಗೆ ಸ್ವಲ್ಪ ಹಸಿಸೊಪ್ಪು ಹೊಗೆಯಾಡಿಸಿ, ಮೇಲಿನ ಬಾಯಿಯನ್ನು ಕೆಲವು ನಿಮಿಷ ಒದ್ದೆ ಗೋಣಿಯಿಂದ ಮುಚ್ಚಿ, ಅಟ್ಟದಲ್ಲೂ ಪಕ್ಕದ ಕೋಣೆಯಲ್ಲೂ ಹೊಗೆ ಎಲ್ಲಿ ಸೋರುತ್ತದೆಂದು ನೋಡುತ್ತೇವೆ. ಕಿಟಕಿ ಬಾಗಿಲು ತೆರೆದಿಟ್ಟೇ ಇದನ್ನು ಮಾಡಬೇಕು. ಸೋರಿದ ಕಡೆ ಗಾರೆ ತುಂಬಿಸದೆ ಆ ವರ್ಷ ಬೆಂಕಿ ಇಲ್ಲ.

ಚಿಮಣಿಗೇ ಬೆಂಕಿ ಬಿದ್ದರೆ ರೈಲು ಹೋಗುವಂಥ ಭೋರ್ಗರೆತ ಕೇಳುತ್ತದೆ, ಮೇಲಿಂದ ಕಿಡಿಗಳು ಹಾರುತ್ತವೆ. ಆಗ ಮನೆಯವರನ್ನೆಲ್ಲ ಹೊರಗೆ ಕಳಿಸಿ 112ಕ್ಕೆ ಅಥವಾ ಅಗ್ನಿಶಾಮಕದ 101ಕ್ಕೆ ಕರೆ ಮಾಡಿ. ಕಾದ ಚಿಮಣಿಗೆ ಮೇಲಿಂದ ನೀರು ಸುರಿಯಬೇಡಿ, ಇಟ್ಟಿಗೆ ಸೀಳಿ ಬೆಂಕಿ ಇನ್ನಷ್ಟು ಹರಡುತ್ತದೆ. ನಮ್ಮ ತೋಟಗಳಿಗೆ ಅಗ್ನಿಶಾಮಕ ವಾಹನ ತಲುಪಲು ಹೊತ್ತು ಬೇಕು, ಕೆಲವು ಕಡೆ ದಾರಿಯೇ ಇಕ್ಕಟ್ಟು. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಬೂದಿಯನ್ನು ಜನ ಹಗುರವಾಗಿ ಕಾಣುತ್ತಾರೆ. ಮೇಲೆ ತಣ್ಣಗಿದ್ದರೂ ಒಳಗಿನ ಕೆಂಡ ಎರಡು ಮೂರು ದಿನ ಜೀವ ಹಿಡಿದಿರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿಗೆ ತುಂಬಿ ಮರದ ಜಗುಲಿಯ ಮೇಲಿಡುವುದು, ಕಾಫಿ ಗಿಡದ ಬುಡದ ಒಣ ತರಗಿನ ಮೇಲೆ ಚೆಲ್ಲುವುದು ಎರಡೂ ಬೇಡ. ಮುಚ್ಚಳವಿರುವ ಕಬ್ಬಿಣದ ಡಬ್ಬಿಯಲ್ಲಿ ಮನೆಯಿಂದ ದೂರ, ಬರಿನೆಲದ ಮೇಲೆ ಕೆಲವು ದಿನ ಬಿಟ್ಟು ಆಮೇಲೆ ಬಾಳೆಬುಡಕ್ಕೆ ಹಾಕಿ. ಉರಿಯಿಂದ ಮೂರು ಅಡಿಯೊಳಗೆ ಸೌದೆ, ಜಮಖಾನ, ಪರದೆ, ಸೋಫಾ ಏನೂ ಇರಬಾರದು, ಎದುರಿಗೆ ಜಾಲರಿ ಇರಲೇಬೇಕು.

ಕಾರ್ಬನ್ ಮೊನಾಕ್ಸೈಡ್ ಇದೆಯೆಂದು ಕೂಗಿ ಎಬ್ಬಿಸುವ ಸಣ್ಣ ಅಲಾರಂ ಈಗ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ಒಳ್ಳೆಯ ಹೋಂಸ್ಟೇಯ ಒಂದು ರಾತ್ರಿಯ ಬಾಡಿಗೆಗಿಂತ ಹೆಚ್ಚಾಗದು. ಹೊಗೆ ಪತ್ತೆಹಚ್ಚುವ ಅಲಾರಂ ಬೇರೆ, ಇದು ಬೇರೆ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ 'ಇಎನ್ 50291' (EN 50291) ಎಂಬ ಯುರೋಪಿನ ಗುಣಮಟ್ಟದ ಗುರುತು ನೋಡಿ. ಬೆಂಕಿಗೂಡಿರುವ ಕೋಣೆಯಲ್ಲಿ ಒಂದು, ಮಲಗುವ ಕಡೆ ಒಂದು ಇರಲಿ. ಅದರೊಳಗಿನ ಸೆನ್ಸರ್‌ಗೆ ಆಯುಸ್ಸು ಇದೆ, ಹಿಂಬದಿಯಲ್ಲಿ ಬರೆದ ವರ್ಷ ದಾಟಿದರೆ ಬದಲಿಸಿ.

ಕೊನೆಯದಾಗಿ ಪ್ರವಾಸೋದ್ಯಮ ಇಲಾಖೆಗೆ ನನ್ನ ಮನವಿ. ಹೋಂಸ್ಟೇಗಳ ನೋಂದಣಿಗೂ ನವೀಕರಣಕ್ಕೂ ಪರಿಶೀಲನೆಗೆ ಬರುವ ಅಧಿಕಾರಿಗಳು ಕೋಣೆಯಲ್ಲಿ ಫೈರ್‌ಪ್ಲೇಸ್ ಕಂಡರೆ ಚಿಮಣಿಯ ಅಳತೆ ಕೇಳಲಿ, ಅದನ್ನು ಕಳೆದ ಬಾರಿ ಯಾವಾಗ ಉಜ್ಜಿದ್ದೆಂದು ಕೇಳಲಿ, ಅಲಾರಂನ ಗುಂಡಿ ಒತ್ತಿ ನೋಡಲಿ. ಕೋಣೆಯೊಳಗೆ ಕೆಂಡದ ಬಾಂಡಲಿ, ಇದ್ದಿಲ ಒಲೆ ಇಡಕೂಡದೆಂದು ಲಿಖಿತವಾಗಿ ತಿಳಿಸಲಿ, ಆ ಸೂಚನೆಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಪ್ರತಿ ಕೋಣೆಯ ಬಾಗಿಲ ಹಿಂದೆ ಅಂಟಿಸುವಂತೆ ಮಾಡಲಿ. ಹತ್ತಿರದ ಅಗ್ನಿಶಾಮಕ ಠಾಣೆಯ ಒಬ್ಬರನ್ನು ಜೊತೆಗೆ ಕರೆತಂದರೆ ಇನ್ನೂ ಒಳ್ಳೆಯದು. ಇದು ನವೆಂಬರ್ ಮುಗಿಯುವುದರೊಳಗೆ ಆಗಬೇಕು, ಡಿಸೆಂಬರ್ ರಜೆಗೆ ನಮ್ಮ ಸುತ್ತಲಿನ ಕೋಣೆಗಳು ಈಗಲೇ ಭರ್ತಿಯಾಗುತ್ತಿವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ